ಮೂರನೇ ಸಲ ಕೇಳದ ಊರು

ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ರಸ್ತೆ ಹೊಗಳುತ್ತಾರೆ. ನಾನು ಹೋಗಿದ್ದು ಸ್ವೀಡನ್ನಿಗೆ. ರಸ್ತೆ ಹೇಗಿತ್ತೋ ನೆನಪಿಲ್ಲ. ನೆನಪಿರುವುದು ಒಂದು ಕಾಫಿ ಜಗ್ಗು, ಒಂದು ಖಾಲಿ ಮೇಜು. ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಬಹಳ ಥಂಡಿ ಇತ್ತು ಎಂದು ಒಂದೇ ಮಾತು ಹೇಳಿ ಕಳಿಸಿದೆ. ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ.

ನಾನು ನಂದಿಗುಡಿಯ ಶಾಲೆಯಲ್ಲಿ ಎರಡನೇ ಕ್ಲಾಸಿನವರೆಗೆ ಓದಿದವಳು. ಇದರ ಕಾಗುಣಿತ ತಿದ್ದಿದ್ದು ಮೊಮ್ಮಗಳು. ಮಾತನ್ನೂ ತಿದ್ದುತ್ತೇನೆ ಎಂದಳು, ನಾನು ಬಿಡಲಿಲ್ಲ.

ದಾವಣಗೆರೆ: ಅರ್ಧ ನಿಮಿಷದ ಪಾಠ

ನನ್ನ ಹೆಸರು ಹಾಲಮ್ಮ. ಪಿ.ಜೆ. ಬಡಾವಣೆಯ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ರೊಟ್ಟಿ ಮನೆ ಇದೆ. ಎಂಟು ಹೆಣ್ಣುಮಕ್ಕಳು ಬೆಳಿಗ್ಗೆ ಬಂದು ಜೋಳದ ರೊಟ್ಟಿ ಬಡಿಯುತ್ತಾರೆ. ಬಿಸಿ ರೊಟ್ಟಿ ಅಂದಂದಿಗೇ ಹೋಗುತ್ತದೆ, ಒಣಗಿಸಿದ ಖಡಕ್ ರೊಟ್ಟಿ ಡಬ್ಬಿ ಸೇರುತ್ತದೆ. ನಮ್ಮ ದೊಡ್ಡ ಗಿರಾಕಿ ಒಂದು ಹಾಸ್ಟೆಲ್ಲು. ಹೋದ ವರ್ಷ ಅವರು ರೊಟ್ಟಿ ಮಷೀನು ತಂದು ಕೂರಿಸಿದರು. ರುಚಿಯೇನೋ ನಿಮ್ಮದೇ ರುಚಿ ಎಂದು ಹೇಳಿ ನಮ್ಮನ್ನು ಬಿಟ್ಟರು. ಅಂದಿನಿಂದ ಮಧ್ಯಾಹ್ನಕ್ಕೆ ಮುಂಚೆಯೇ ಒಲೆ ಆರುತ್ತಿತ್ತು. ಹೆಣ್ಣುಮಕ್ಕಳು ನೆರಳಿಗೆ ಕೂತು ನನ್ನ ಮುಖ ನೋಡುತ್ತಿದ್ದರು. ನಾನು ಗೋಡೆ ನೋಡುತ್ತಿದ್ದೆ.

ಅಂಥ ಹೊತ್ತಿನಲ್ಲಿ ಹೆಣ್ಣುಮಕ್ಕಳ ಉದ್ಯೋಗಕ್ಕೆ ನೆರವಾಗುವ ಒಂದು ಸಂಸ್ಥೆಯವರು ಬಂದರು. ಸ್ವೀಡನ್ನಿನ ಉತ್ತರಕ್ಕೆ ಕೆರೆ ದಂಡೆಯ ಒಂದು ಊರಿದೆ, ಅಲ್ಲಿ ಕೈಯಿಂದ ಗಟ್ಟಿ ರೊಟ್ಟಿ ಮಾಡುವವರ ಕೂಟ ನಡೆಯುತ್ತದೆ, ಬೇರೆ ಬೇರೆ ದೇಶದವರು ಬರುತ್ತಾರೆ, ನಮ್ಮ ಕಡೆಯಿಂದ ಇಬ್ಬರು ಬರಬಹುದು ಎಂದರು. ಹೋಗಿ ಬರುವ ಖರ್ಚು ಅವರದು. ನಮ್ಮ ಕೆಲಸ ಇಷ್ಟೇ: ನಮ್ಮ ರೊಟ್ಟಿ ಕೊಳ್ಳುವ ಒಬ್ಬರನ್ನಾದರೂ ಗುರುತು ಮಾಡಿಕೊಂಡು ಬರಬೇಕು. ಸಿಕ್ಕರೆ ಎಂಟೂ ಜನರಿಗೆ ವರ್ಷವಿಡೀ ಕೆಲಸ. ಇದಕ್ಕೆ ನೆಟ್‌ವರ್ಕಿಂಗ್ ಎನ್ನುತ್ತಾರಂತೆ. ಸಂತೆಯಲ್ಲಿ ನಾನು ಹುಟ್ಟಿದಾಗಿನಿಂದ ಮಾಡುತ್ತಿರುವುದು ಇದನ್ನೇ ಅಲ್ಲವೇ ಎಂದುಕೊಂಡೆ.

ಇನ್ನೊಬ್ಬಳು ಹರಿಹರದ ಖೈರುನ್. ನನಗಿಂತ ಹದಿನೈದು ವರ್ಷ ಚಿಕ್ಕವಳು. ಗಂಡನಿಗೆ ಗುಜರಿ ಅಂಗಡಿ. ಇವಳು ಮನೆಯಲ್ಲಿ ಶೇಂಗಾ ಚಟ್ನಿಪುಡಿ ಕುಟ್ಟುತ್ತಾಳೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುತ್ತಾಳೆ. ಸಜ್ಜೆ ರೊಟ್ಟಿ ಸಂಕ್ರಾಂತಿಯ ತಿನಿಸು, ವರ್ಷವಿಡೀ ಯಾರು ತಿಂತಾರೆ ಎಂದು ನಾನು ಅವಳನ್ನು ನೋಡಿ ನಗುತ್ತಿದ್ದೆ. ಅವಳ ದನಿ ಪಕ್ಕದಲ್ಲಿ ಕೂತವರಿಗೂ ಕೇಳದು. ದಾವಣಗೆರೆಯ ಪೇಟೆಗೆ ಬಂದರೆ ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದಳು, ಅವಳ ಶೇಂಗಾದ ಚೌಕಾಸಿಯನ್ನೂ ನಾನೇ ಮಾಡುತ್ತಿದ್ದೆ.

ಹೋಗುವ ಮುಂಚೆ ತರಬೇತಿ ಇಟ್ಟರು. ಮೇಡಂ ಒಬ್ಬರು ಮೊಬೈಲಿನಲ್ಲಿ ಹೊತ್ತು ಹಿಡಿದುಕೊಂಡು, ಅರ್ಧ ನಿಮಿಷದಲ್ಲಿ ನೀವು ಯಾರು, ಏನು ಮಾಡುತ್ತೀರಿ, ನಿಮಗೇನು ಬೇಕು ಎಂದು ಹೇಳಿ ಮುಗಿಸಬೇಕು ಎಂದರು. ನಮ್ಮ ಕಡೆ ಅರ್ಧ ನಿಮಿಷದಲ್ಲಿ ನೀರಿನ ಚೊಂಬೂ ಒಳಗಿನಿಂದ ಹೊರಗೆ ಬಂದಿರುವುದಿಲ್ಲ. ಮೊದಲು ಯಾವ ಊರು, ಆಮೇಲೆ ಯಾರ ಪೈಕಿ, ಆಮೇಲೆ ನೀರು, ಚಹಾ. ಬಂದ ಕೆಲಸ ಬಾಯಿಗೆ ಬರುವುದು ಹೊರಡುವಾಗ, ಹೊಸಿಲು ದಾಟಿ ಚಪ್ಪಲಿ ಮೆಟ್ಟುವ ಹೊತ್ತಿಗೆ. ಬಂದ ಕೂಡಲೇ ನನಗಿದು ಬೇಕು ಎಂದವನನ್ನು ಜನ ಮತ್ತೆ ಮನೆಗೆ ಸೇರಿಸುವುದಿಲ್ಲ.

ಆದರೂ ನಾನು ಎದ್ದು ಗಟ್ಟಿ ದನಿಯಲ್ಲಿ ಹೇಳಿ ಮುಗಿಸಿದೆ. ಮೇಡಂ ಚಪ್ಪಾಳೆ ತಟ್ಟಿದರು. ಖೈರುನ್ ಎದ್ದಳು, ಸೆರಗು ಸರಿ ಮಾಡಿಕೊಂಡಳು, ಮತ್ತೊಮ್ಮೆ ಸರಿ ಮಾಡಿಕೊಂಡಳು, ತನ್ನ ಹೆಸರನ್ನೂ ಹೇಳದೆ ಕೂತುಬಿಟ್ಟಳು. ಮೆಟ್ಟಿಲಿಳಿಯುವಾಗ ನಾನು ಬಿಡಲಿಲ್ಲ.

"ಬಾಯಿ ಮನ್ಯಾಗೆ ಇಟ್ ಬಂದೀಯೇನೆ? ಅಲ್ಲಿ ನಾ ಮಾತಾಡ್ತೀನಿ. ನೀ ಸುಮ್ನೆ ಚಟ್ನಿ ಹಾಕು."

"ಹೂಂ ಅಕ್ಕ," ಎಂದಳು. ಅವಳಿಗೆ ನಿರಾಳವಾದಂತೆ ಕಂಡಿತು. ನನಗೂ ಖುಷಿಯಾಯಿತು.

ವಿಮಾನ ಬದಲಿಸುವ ಊರು

ನಡುವೆ ಒಂದು ಕಡೆ ಇಳಿದು ಬೇರೆ ವಿಮಾನ ಹತ್ತಬೇಕಿತ್ತು. ಅಲ್ಲಿನ ತಪಾಸಣೆಯವನು ನನ್ನ ಚೀಲದಿಂದ ವಿಭೂತಿ ಗಟ್ಟಿ ಎತ್ತಿಕೊಂಡು ಮೂಸಿದ. ಇನ್ನೊಬ್ಬನನ್ನು ಕರೆದ, ಅವನೂ ಮೂಸಿದ. ಬಿಳಿ ಗಟ್ಟಿ, ಕೆರೆದರೆ ಪುಡಿ, ಅವರ ಅನುಮಾನ ಅವರಿಗೆ. ನನಗೆ ಅವರ ಭಾಷೆ ಬಾರದು. ಗಟ್ಟಿಯನ್ನು ಅವನ ಕೈಯಿಂದ ಕಿತ್ತುಕೊಂಡೆ, ಅವನ ಮೇಜಿನ ಮೇಲಿದ್ದ ಬಾಟಲಿಯ ನೀರು ಹನಿಸಿ, ಮೂರು ಬೆರಳಿಂದ ಹಣೆಗೆ ಎಳೆದುಕೊಂಡು ಅವನ ಮುಖ ನೋಡಿದೆ. ಅವನು ತನ್ನ ಹಣೆ ಮುಟ್ಟಿಕೊಂಡು ನಕ್ಕ. ಬಿಟ್ಟ. ಖೈರುನ್ ನನ್ನ ಧೈರ್ಯವನ್ನು ವಿಮಾನ ಹತ್ತುವ ತನಕ ಹೊಗಳಿದಳು. ನಾನೂ ನನ್ನನ್ನು ದೊಡ್ಡ ಧೈರ್ಯಸ್ಥೆ ಎಂದುಕೊಂಡೇ ಸ್ವೀಡನ್ನಿನಲ್ಲಿ ಇಳಿದೆ.

ಕೆರೆ ದಂಡೆಯ ಊರು

ಕೆರೆ ಎಂದರೆ ನಮ್ಮ ಕೆರೆಯಲ್ಲ, ಆಚೆ ದಡ ಕಾಣದು. ಜೂನ್ ತಿಂಗಳು. ಅಲ್ಲಿ ಆಗ ಸೂರ್ಯ ಮುಳುಗಲು ಮನಸ್ಸು ಮಾಡುವುದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತು ಯಾವುದೆಂದು ಗೊತ್ತಾಗದೆ ಊಟಕ್ಕೆ ಕೂರುವ ಮುಂಚೆ ಕೈ ಮುಗಿದು ಸುಮ್ಮನಾದೆ.

ಜನ ಒಳ್ಳೆಯವರೇ, ಮಾತಿಲ್ಲ. ಬಸ್ಸಿಗೆ ಕಾಯುವಾಗ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎಮ್ಮೆ ಮಲಗುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ದಾವಣಗೆರೆಯ ಬಸ್ಸಿನಲ್ಲಿ ಪಕ್ಕದವಳು ಇಳಿಯುವುದರೊಳಗೆ ಅವಳ ಸೊಸೆಯ ಬಾಣಂತನದ ತನಕ ತಿಳಿದಿರುತ್ತದೆ. ಇಲ್ಲಿ ಅರ್ಧ ಊರು ಸುತ್ತಿದರೂ ಒಂದು ಕೆಮ್ಮು ಕೇಳಲಿಲ್ಲ. ಕೂಸುಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಅಂಗಡಿಯ ಹೊರಗೇ ಬಿಟ್ಟು ತಾಯಂದಿರು ಒಳಗೆ ಕಾಫಿ ಕುಡಿಯುತ್ತಾರೆ. ನಾನು ಒಂದು ಗಾಡಿಯ ಪಕ್ಕ ಕಾವಲು ನಿಂತೆ. ತಾಯಿ ಹೊರಗೆ ಬಂದು ನನ್ನನ್ನೇ ಅನುಮಾನದಿಂದ ನೋಡಿದಳು. ಒಂದು ಮಾತ್ರ ನಮ್ಮ ಹಾಗೆ: ಚಪ್ಪಲಿ ಹೊರಗೆ ಬಿಟ್ಟೇ ಮನೆಯೊಳಗೆ ಬರುತ್ತಾರೆ.

ನಾವಿಳಿದಿದ್ದ ಮನೆಯ ಒಡತಿ ಮೊದಲ ಬೆಳಿಗ್ಗೆ ಕಾಫಿ ಜಗ್ಗು ಹಿಡಿದು ಬಂದು ಬೇಕಾ ಎಂದು ಸನ್ನೆ ಮಾಡಿದಳು. ನಾನು ಬೇಡ ಎಂದು ಕೈ ಆಡಿಸಿದೆ. ಕೇಳಿದ ಕೂಡಲೇ ಹೂಂ ಎನ್ನುವುದು ನಮ್ಮಲ್ಲಿ ಹಸಿದು ಬಂದವರ ಲಕ್ಷಣ. ಮೊದಲ ಸಲ ಕೇಳಿದರೆ ಬೇಡ ಅನ್ನಬೇಕು. ಎರಡನೇ ಸಲಕ್ಕೆ, ಈಗ ತಾನೇ ಆಯಿತು ಅನ್ನಬೇಕು. ಮೂರನೇ ಸಲ ಅವರು ಕೈ ಹಿಡಿದು ಕೂರಿಸಿದರೆ, ಒಂದಿಷ್ಟೇ ಹಾಕಿ ಎಂದು ತಟ್ಟೆ ಮುಂದೆ ಮಾಡಬೇಕು. ಕೊಡುವವರ ಮನಸ್ಸು, ತಗೊಳ್ಳುವವರ ಮರ್ಯಾದೆ ಎರಡೂ ಉಳಿಯುವುದು ಹೀಗೆ. ಆ ಒಡತಿ ತಲೆ ಆಡಿಸಿ ಜಗ್ಗು ಒಳಗೆ ತೆಗೆದುಕೊಂಡು ಹೋದಳು. ಮತ್ತೆ ಬರಲಿಲ್ಲ. ಖೈರುನ್ ಮೊದಲ ಸಲವೇ ಹೂಂ ಎಂದಿದ್ದಳು, ಅವಳ ಲೋಟ ತುಂಬಿತ್ತು. ನಾನು ಆ ಒಡತಿಯನ್ನು ಜುಗ್ಗಿ ಎಂದೆ, ಖೈರುನ್‌ಳನ್ನು ಆಸೆಬುರುಕಿ ಎಂದೆ, ತಲೆನೋವು ಹೊತ್ತುಕೊಂಡು ಕೂಟಕ್ಕೆ ಹೋದೆ.

ಕೂಟದ ಮೊದಲ ದಿನ

ನಮ್ಮ ಕಲ್ಯಾಣ ಮಂಟಪದಷ್ಟು ದೊಡ್ಡ ಜಾಗ. ಸಾಲಾಗಿ ಮೇಜುಗಳು, ಒಂದೊಂದರ ಮೇಲೆ ಒಂದೊಂದು ದೇಶದ ರೊಟ್ಟಿ. ನಡುವೆ ತೂತಿರುವ ರೊಟ್ಟಿ, ಕಂಬಳಿಯಂತೆ ಮಡಚಿಟ್ಟ ರೊಟ್ಟಿ. ನಮ್ಮದನ್ನೂ ಜೋಡಿಸಿದೆವು. ನಮ್ಮ ಮಾತು ಅವರಿಗೆ, ಅವರ ಮಾತು ನಮಗೆ ಹೇಳಲು ಸಹನಾ ಎಂಬ ಹುಡುಗಿ ಇದ್ದಳು. ಮೈಸೂರಿನವಳು, ಅಲ್ಲಿನ ಕಾಡಿನ ಮರಗಳ ಬಗ್ಗೆ ಓದಲು ಬಂದವಳು.

ಬಾಗಿಲು ತೆರೆದ ಮೇಲೆ ಜನ ಬಂದರು. ಒಬ್ಬರ ಮುಂದೆ ಒಬ್ಬರು ನಿಲ್ಲುವುದು, ಕೈ ಚಾಚುವುದು, ಹೆಸರು ಹೇಳುವುದು, ಕಾರ್ಡು ಕೊಡುವುದು, ಮುಂದಿನ ಮೇಜಿಗೆ ಹೋಗುವುದು. ಎತ್ತರದ ಒಬ್ಬ ಮನುಷ್ಯ ನಮ್ಮ ಮುಂದೆ ನಿಂತು ನನ್ನ ಮುಖ ನೋಡಿದ. ನಾನು ಕಲಿತಿದ್ದ ಅರ್ಧ ನಿಮಿಷದಲ್ಲಿ ಒಂದಕ್ಷರ ಹೊರಗೆ ಬರಲಿಲ್ಲ. ಸಹನಾ ಕಾಯುತ್ತಿದ್ದಳು, ಅವನೂ ಕಾದ, ಆಮೇಲೆ ನಕ್ಕು ಮುಂದೆ ಹೋದ. ನಾನು ರೊಟ್ಟಿಯ ಅಟ್ಟಿಯ ಹಿಂದೆ ಕುರ್ಚಿ ಎಳೆದುಕೊಂಡು ಕೂತೆ. ಅಟ್ಟಿ ಎತ್ತರವಿತ್ತು, ನನ್ನ ಮುಖ ಕಾಣುತ್ತಿರಲಿಲ್ಲ.

ಅಲ್ಲಿ ಕೂತಾಗ ಒಂದು ವಿಷಯ ಹೊಳೆಯಿತು. ದಾವಣಗೆರೆಯಲ್ಲಿ ನಾನು ಬಾಯಿ ಬಿಡುವ ಮುಂಚೆಯೇ ಎದುರಿನವರಿಗೆ ನಾನು ಯಾರೆಂದು ಗೊತ್ತಿರುತ್ತದೆ. ರೊಟ್ಟಿ ಹಾಲಮ್ಮ ಬಂದಳು, ಬೈಯುತ್ತಾಳೆ, ಬೈಸಿಕೊಳ್ಳೋಣ ಎಂದು ಅವರೇ ತಯಾರಾಗಿರುತ್ತಾರೆ. ನನ್ನ ಬಾಯಿಯ ಜೋರೆಲ್ಲ ಅವರು ಬಿಟ್ಟುಕೊಟ್ಟ ಜೋರು. ಇಲ್ಲಿ ನಾನು ಯಾರೂ ಅಲ್ಲ. ಹೆಸರಿನಿಂದ ಶುರು ಮಾಡಬೇಕು, ಅದು ನನಗೆ ಬರುವುದಿಲ್ಲ. ವಯಸ್ಸು ಎಪ್ಪತ್ತಾಯಿತು, ಒಮ್ಮೆಯೂ ಮಾಡಿರಲಿಲ್ಲ.

ಹೆದರಿಕೆ ಎಂದು ಒಪ್ಪಿಕೊಳ್ಳುವ ಜಾತಿ ನನ್ನದಲ್ಲ. ಸಹನಾಳಿಗೆ, ಸಾಮಾನು ಚೆನ್ನಾಗಿದ್ದರೆ ಬೇಕಾದವರು ತಾವೇ ಬರುತ್ತಾರೆ, ನಾವು ಹಲ್ಲು ಕಿರಿಯುವುದು ಯಾಕೆ ಎಂದೆ.

ಇತ್ತ ಖೈರುನ್ ಅಷ್ಟು ಹೊತ್ತು ನನ್ನ ಹಿಂದೆ ನಿಂತಿದ್ದವಳು ಕಾಣಲಿಲ್ಲ. ನೋಡಿದರೆ ಎದುರು ಸಾಲಿನಲ್ಲಿ, ವಯಸ್ಸಾದ ಗಂಡ ಹೆಂಡತಿಯ ಮೇಜಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಅವರ ಲಟ್ಟಣಿಗೆಯ ಮೈತುಂಬ ಮುಳ್ಳುಗಳಿದ್ದವು. ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ. ಆ ಮುದುಕಿ ಅವಳ ಕೈ ಹಿಡಿದು ಲಟ್ಟಿಸಲು ತೋರಿಸುತ್ತಿದ್ದಾಳೆ. ಇಬ್ಬರಿಗೂ ಭಾಷೆ ಇಲ್ಲ, ಇಬ್ಬರೂ ನಗುತ್ತಿದ್ದಾರೆ. ಮೊಣಕೈತನಕ ಹಿಟ್ಟು ಮಾಡಿಕೊಂಡು ಬಂದಳು. ಏನು ಮಾತಾಡಿದೆ ಎಂದು ಕೇಳಿದೆ.

"ಮಾತಾಡಾಕೆ ಹೋಗ್ಲಿಲ್ಲ ಅಕ್ಕ. ನೋಡಾಕೆ ಹೋಗಿದ್ದೆ. ನೋಡಿದ್ರೆ ಭಯ ಆಗಲ್ಲ."

ಮತ್ತೆ ತನ್ನ ಸಜ್ಜೆ ರೊಟ್ಟಿ ನಾಲ್ಕು ಎತ್ತಿಕೊಂಡು ಅತ್ತ ಹೋದಳು. ಚಟ್ನಿ ಯಾರು ಹಾಕುತ್ತಾರೆ ಎಂದು ನಾನು ಕೂಗಿದೆ. ಆ ಜಾಗದಲ್ಲಿ ಕೂಗಿದವಳು ನಾನೊಬ್ಬಳೇ.

ಎರಡನೇ ದಿನ: ಬ್ರಿಟಾ

ಆ ದಿನ ಬ್ರಿಟಾ ಬಂದಳು. ಹೆಚ್ಚುಕಮ್ಮಿ ನನ್ನದೇ ವಯಸ್ಸು, ದಪ್ಪ ಕೈಗಳು, ಉಗುರಿನ ಸಂದಿಯಲ್ಲಿ ಹಿಟ್ಟು. ಕೆರೆಯ ಆಚೆ ದಡದ ಹಳ್ಳಿಯವಳು. ಅಲ್ಲಿ ಹೆಂಗಸರೆಲ್ಲ ಸೇರಿ ರೊಟ್ಟಿ ಸುಡುವ ಮನೆಯೊಂದಿದೆಯಂತೆ, ಅದನ್ನು ಇವಳು ನಡೆಸುತ್ತಾಳಂತೆ. ಕಾರ್ಡು ಕೊಡಲಿಲ್ಲ, ಕೈ ಚಾಚಲಿಲ್ಲ. ನಮ್ಮ ಖಡಕ್ ರೊಟ್ಟಿ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮುರಿದಳು. ಸದ್ದು ಕೇಳಿ ಕಣ್ಣರಳಿಸಿದಳು. ನಾನೂ ಹಾಗೇ ನೋಡುವುದು. ಸರಿಯಾಗಿ ಒಣಗಿದೆಯೋ ಇಲ್ಲವೋ ನಮ್ಮ ಹೆಣ್ಣುಮಕ್ಕಳು ಕಿವಿಯಿಂದಲೇ ಹೇಳುತ್ತಾರೆ. ಅದು ಕಂಡ ಕೂಡಲೇ ನನ್ನ ನಾಲಿಗೆಗೆ ಜೀವ ಬಂತು. ಚಟ್ನಿಪುಡಿ, ಎಣ್ಣೆ ಹಾಕಿ ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಎರಡನೇ ತುತ್ತು ತಿಂದಳು.

ಗೋಧಿ ಇದೆಯಾ ಎಂದು ಸಹನಾಳ ಮೂಲಕ ಕೇಳಿದಳು. ಜೋಳ ಮಾತ್ರ ಎಂದೆ. ಆಮೇಲೆ ಬಹಳ ಹೊತ್ತು ಹೇಳಿದಳು. ಅವಳ ಮೊಮ್ಮಗನಿಗೆ ಗೋಧಿ ಆಗುವುದಿಲ್ಲ, ಹೊಟ್ಟೆ ಹಿಡಿದುಕೊಂಡು ಅಳುತ್ತಾನೆ. ಅಂಥ ಮಕ್ಕಳು ಅಲ್ಲಿ ಬಹಳ. ಸುತ್ತಲಿನ ಶಾಲೆಗಳು ಅಂಥ ಮಕ್ಕಳಿಗಾಗುವ ಗಟ್ಟಿ ರೊಟ್ಟಿ ಮಾಡಿಕೊಡು ಎಂದು ಇವಳನ್ನು ಕೇಳುತ್ತಿವೆ, ಇವಳಿಗೆ ದಾರಿ ತೋಚಿಲ್ಲ. ಕೊನೆಗೆ ನನ್ನ ಕಣ್ಣು ನೋಡಿ ಏನೋ ಕೇಳಿದಳು. ಸಹನಾ ಹೇಳಿದಳು.

"ಅಜ್ಜಿ, ನಾಳೆ ಅವರ ರೊಟ್ಟಿ ಮನೆಗೆ ಊಟಕ್ಕೆ ಬನ್ನಿ ಅಂತಿದಾರೆ. ಅವರ ಒಲೆ ಮೇಲೆ ನೀವು ರೊಟ್ಟಿ ಮಾಡಿ ತೋರಿಸ್ಬೇಕಂತೆ. ಅಲ್ಲೇ ಕೂತು ಎಲ್ಲಾ ಮಾತಾಡೋಣ ಅಂತಾರೆ."

ಇದಕ್ಕೇ ಅಲ್ಲವೇ ಸಮುದ್ರ ದಾಟಿ ಬಂದಿದ್ದು. ಎಂಟು ಜನರ ಮುಖ ಕಣ್ಣ ಮುಂದೆ ಬಂತು. ಬಾಯಿಂದ ಬಂದ ಮಾತು ಮಾತ್ರ ಹುಟ್ಟಿದಾಗಿನಿಂದ ಆಡಿದ ಮಾತು.

"ಬ್ಯಾಡ ಬ್ಯಾಡ ಬಿಡ್ರಿ. ನಿಮಗ್ಯಾಕೆ ಸುಮ್ನೆ ತೊಂದ್ರೆ."

ನಕ್ಕೊಂಡೇ ಹೇಳಿದೆ. ಕೈಯನ್ನೂ ಆಡಿಸಿದೆ. ಸಹನಾ ನಾನು ಹೇಳಿದ್ದನ್ನು ಹೇಳಿದಳು, ಅವಳ ತಪ್ಪೇನಿಲ್ಲ. ಬ್ರಿಟಾಳ ಮುಖ ಒಂದು ಗಳಿಗೆ ಸಪ್ಪಗಾಯಿತು. ತಲೆ ಆಡಿಸಿದಳು. ಇನ್ನೊಂದು ಚೂರು ಮುರಿದು, ಸದ್ದು ಕೇಳಿ, ಅದನ್ನು ಕೈಯಲ್ಲೇ ಹಿಡಿದುಕೊಂಡು ಹೋದಳು. ನಾನು ಅವಳ ಬೆನ್ನು ನೋಡುತ್ತಾ, ನಾಲ್ಕು ಹೆಜ್ಜೆ ಹೋಗಿ ತಿರುಗುತ್ತಾಳೆ ಎಂದುಕೊಂಡೆ. ತಿರುಗಲಿಲ್ಲ. ಸಂಜೆ ಬರುತ್ತಾಳೆ ಎಂದುಕೊಂಡೆ.

ಖೈರುನ್ ಬಂದಾಗ ನಡೆದದ್ದನ್ನು ಹೆಮ್ಮೆಯಿಂದ ಹೇಳಿದೆ. ಅವಳ ಕೈಯಲ್ಲಿದ್ದ ಚಟ್ನಿ ಚಮಚ ಅಲ್ಲೇ ನಿಂತಿತು.

"ಅಕ್ಕ, ಕಾಫಿ ಜಗ್ಗು ನೆನಪೈತಾ?"

"ಅದು ಬ್ಯಾರೆ. ಆ ಹೆಂಗಸು ಜುಗ್ಗಿ. ಈಕಿ ಮನಸ್ಸಿರೋಳು, ಮತ್ತೆ ಕೇಳ್ತಾಳೆ."

"ಈಗ್ಲೇ ಹೋಗಿ ಹೂಂ ಅಂದು ಬರ್ರಿ. ನಾನೂ ಬರ್ತೀನಿ ಜೊತಿಗೆ."

"ನನಗೆ ಬುದ್ಧಿ ಹೇಳಾಕೆ ಬಂದ್ಯೇನೆ? ಕರೀದೆ ಊಟಕ್ಕೆ ಹೋಗೋ ಜಾತಿ ನಮ್ಮದಲ್ಲ."

ಕರೆದಿದ್ದಳು. ಒಂದು ಸಲ ಕರೆದಿದ್ದಳು. ಅವಳ ಮೇಜು ನಮ್ಮಿಂದ ಮೂರು ಸಾಲು ಆಚೆ, ಎದ್ದು ನಿಂತರೆ ಅವಳ ತಲೆವಸ್ತ್ರ ಕಾಣುತ್ತಿತ್ತು. ಆ ಮಧ್ಯಾಹ್ನ ನಾನು ಬಹಳ ಸಲ ಎದ್ದು ನಿಂತೆ. ಹೋಗಬೇಕೆಂದರೆ ಆ ಮೂರು ಸಾಲು ದಾಟಬೇಕು, ಗುರುತಿಲ್ಲದವರ ನಡುವೆ ನಡೆಯಬೇಕು, ಹೋಗಿ ನಿಂತು ನನಗೆ ಬೇಕು ಎಂದು ನಾನೇ ಬಾಯಿ ಬಿಡಬೇಕು. ಮರ್ಯಾದೆ ಎಂದು ಖೈರುನ್‌ಗೆ ಹೇಳಿದೆನಲ್ಲ, ಅದರಲ್ಲಿ ಅರ್ಧ ಹೆದರಿಕೆ. ಎಷ್ಟು ಅರ್ಧ ಎಂದು ನನಗೇ ಗೊತ್ತಿಲ್ಲ. ಪ್ರತಿ ಸಲ ಕುರ್ಚಿ ಸರಿ ಮಾಡಿಕೊಂಡು ಮತ್ತೆ ಕೂತೆ.

ಕೊನೆಯ ದಿನ: ಖಾಲಿ ಮೇಜು

ಬೆಳಿಗ್ಗೆ ಒಡತಿ ಜಗ್ಗು ತಂದಾಗ ಹೂಂ ಎಂದೆ. ಕಾಫಿ ಕಹಿ, ಕಷಾಯದ ಹಾಗೆ. ಪೂರ್ತಿ ಕುಡಿದೆ. ಅದೊಂದು ಧೈರ್ಯ ಬಂತು.

ಕೂಟಕ್ಕೆ ಬಂದವಳೇ ಸೆರಗು ಬಿಗಿದುಕೊಂಡು, ರೊಟ್ಟಿಯ ಒಂದು ಕಟ್ಟು ಎತ್ತಿಕೊಂಡು, ಸಹನಾಳನ್ನು ಕರೆದುಕೊಂಡು ಹೊರಟೆ. ಮಾತಾಡಲು ಅಲ್ಲ, ನೋಡಲು ಹೋಗುತ್ತಿದ್ದೇನೆ ಎಂದು ಖೈರುನ್ ಹೇಳಿದ್ದನ್ನೇ ಮನಸ್ಸಿನಲ್ಲಿ ಅಂದುಕೊಂಡೆ. ಮೊದಲ ಸಾಲು ದಾಟುವಾಗ ಒಬ್ಬ ಹೆಂಗಸು ಕೈ ಚಾಚಿದಳು, ನಾನು ಕೈ ಕೊಟ್ಟೆ, ಹಾಲಮ್ಮ ಎಂದೆ, ದಾವಣಗೆರೆ ಎಂದೆ. ಅವಳು ತನ್ನ ಹೆಸರು ಹೇಳಿದಳು. ಅಷ್ಟೇ. ಏನೂ ಆಗಲಿಲ್ಲ. ಎರಡನೇ ಸಾಲಿನಲ್ಲಿ ಒಬ್ಬ ಮುದುಕನಿಗೆ ನಾನೇ ರೊಟ್ಟಿ ಚೂರು ಕೊಟ್ಟೆ. ಅವನು ಸೇನೆಯವನಂತೆ ಸಲಾಂ ಹೊಡೆದ. ಇಷ್ಟೇನಾ ಎನಿಸಿತು. ಮೊದಲ ದಿನವೇ ಯಾಕೆ ಎದ್ದು ನಡೆಯಲಿಲ್ಲ ಎಂದು ಮನಸ್ಸು ಕಚ್ಚತೊಡಗಿತು.

ಬ್ರಿಟಾಳ ಮೇಜು ಖಾಲಿ ಇತ್ತು. ಒರೆಸಿ ಹೋಗಿದ್ದಳು. ಮೂಲೆಯಲ್ಲಿ ಒಂದಿಷ್ಟು ಹಿಟ್ಟು ಉಳಿದಿತ್ತು.

ಪಕ್ಕದವರು, ಅವಳು ನಿನ್ನೆ ಸಂಜೆಯೇ ದೋಣಿ ಹಿಡಿದು ಊರಿಗೆ ಹೋದಳು ಎಂದರು. ಸಹನಾ ಎಲ್ಲೆಲ್ಲೋ ಕೇಳಿ ಫೋನ್ ಹಚ್ಚಿದಳು. ಸಿಕ್ಕಳು. ಸಹನಾ ಮಾತಾಡುತ್ತಾ ಮಾತಾಡುತ್ತಾ ನನ್ನ ಕಡೆ ನೋಡುವುದನ್ನು ಬಿಟ್ಟಳು, ಆಗಲೇ ಗೊತ್ತಾಯಿತು. ನಾನು ಬೇಡ ಎಂದ ಮೇಲೆ ಬ್ರಿಟಾ ಇನ್ನೊಂದು ಮೇಜಿಗೆ ಹೋಗಿದ್ದಳು. ಇಥಿಯೋಪಿಯಾದಿಂದ ಬಂದ ಹೆಂಗಸೊಬ್ಬಳದು ಸಣ್ಣ ಕಾಳಿನ ಹಿಟ್ಟು, ಅದರಲ್ಲೂ ಗೋಧಿ ಇಲ್ಲ. ಅವಳನ್ನು ಊಟಕ್ಕೆ ಕರೆದಿದ್ದಳು, ಅವಳು ಕೂಡಲೇ ಹೂಂ ಎಂದಿದ್ದಳು. ಇಬ್ಬರೂ ಈಗ ಅದೇ ಒಲೆಯ ಮುಂದೆ ಇದ್ದಾರೆ. ಮಾತು ಮುಗಿದಿದೆ. ಹಾಲಮ್ಮನ ರೊಟ್ಟಿಯ ಸದ್ದು ಬಹಳ ಹಿಡಿಸಿತ್ತು, ಬೇಡ ಎಂದದ್ದಕ್ಕೆ ಬೇಸರವಾಯಿತು ಎಂದು ಹೇಳು ಎಂದಳಂತೆ.

ಮತ್ತೆ ಯಾಕೆ ಕೇಳಲಿಲ್ಲ ಎಂದು ಸಹನಾಳ ಮೇಲೆ ರೇಗಿದೆ. ಅವಳು ಮೆಲ್ಲಗೆ ಹೇಳಿದಳು.

"ಅಜ್ಜಿ, ಇಲ್ಲಿ ಬೇಡ ಅಂದ್ರೆ ಬೇಡ ಅಂತಲೇ ಅರ್ಥ. ಮತ್ತೆ ಕೇಳಿದ್ರೆ ನಿಮ್ಮ ಮಾತಿಗೆ ಬೆಲೆ ಕೊಡ್ಲಿಲ್ಲ ಅಂತ ಆಗುತ್ತೆ. ಅವರು ನಿಮಗೆ ಮರ್ಯಾದೆ ಕೊಟ್ಟಿದ್ದು."

ಇಬ್ಬರು ಮುದುಕಿಯರು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಎಂಟು ಒಲೆ ಆರಿಸಿದೆವು. ತಂದಿದ್ದ ರೊಟ್ಟಿ ಕಟ್ಟನ್ನು ಆ ಖಾಲಿ ಮೇಜಿನ ಮೇಲೇ ಇಟ್ಟು ಬಂದೆ. ವಾಪಸ್ ಹೊತ್ತುಕೊಂಡು ಆ ಮೂರು ಸಾಲು ದಾಟಲು ಮನಸ್ಸಾಗಲಿಲ್ಲ.

ವಾಪಸ್ಸಿನ ವಿಮಾನ

ಖೈರುನ್ ಆ ಮುಳ್ಳು ಲಟ್ಟಣಿಗೆಯ ಗಂಡ ಹೆಂಡತಿಯ ಹತ್ತಿರ ಮಾತು ಮುಗಿಸಿದ್ದಳು. ಅವರದೊಂದು ಗಟ್ಟಿ ರೊಟ್ಟಿಯ ಅಂಗಡಿ. ಎಳ್ಳಿನ ಸಜ್ಜೆ ರೊಟ್ಟಿ ತಿಂಗಳು ತಿಂಗಳು ಬೇಕೆಂದಿದ್ದರು. ನಾನು ನಕ್ಕಿದ್ದ ಸಜ್ಜೆ ರೊಟ್ಟಿ.

ವಿಮಾನದಲ್ಲಿ ಪಕ್ಕಕ್ಕೆ ಕೂತು ಅವಳೇ ಮಾತು ತೆಗೆದಳು. ಅಕ್ಕ, ನನ್ನ ಕೈಯೊಂದೇ ಸಾಲದು, ನಿಮ್ಮ ಹೆಣ್ಣುಮಕ್ಕಳನ್ನೂ ಸೇರಿಸಿ ಇಬ್ಬರೂ ಮಾಡೋಣ ಎಂದಳು. ಬೇಡ ಎಂದೆ. ಊಟದ ತಟ್ಟೆ ಬಂದಾಗ ಮತ್ತೆ ಕೇಳಿದಳು. ನಿನ್ನದು ನೀನು ಮಾಡಿಕೋ ಎಂದೆ. ಇಳಿಯುವ ಮುಂಚೆ ಬೆಲ್ಟು ಕಟ್ಟುವಾಗ ನನ್ನ ಕೈ ಹಿಡಿದು ಕೇಳಿದಳು. ನಮ್ಮ ಕಡೆಯವಳು, ಲೆಕ್ಕ ತಪ್ಪಿಸಲಿಲ್ಲ. ಹೂಂ ಅನ್ನಲು ಅದೇ ಸರಿಯಾದ ಹೊತ್ತು. ಪೇಟೆಯಲ್ಲಿ ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದವಳ ಹಿಂದೆ ಈಗ ನಾನು ನಿಲ್ಲಬೇಕೇ ಎಂಬ ಯೋಚನೆ ಅಡ್ಡ ಬಂತು. ಬೇಡ ಎಂದೆ. ಮೊದಲೆರಡು ಬೇಡ ಮರ್ಯಾದೆಯದು, ಮೂರನೆಯದು ಸೊಕ್ಕಿನದು. ಅವಳು ಕೈ ಬಿಟ್ಟು ಕಿಟಕಿ ಕಡೆ ತಿರುಗಿದಳು.

ಹರಿಹರ

ಇಲ್ಲಿಗೆ ಪ್ರವಾಸ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಳೆಗಾಲದ ನಡುವೆ ಒಂದು ದಿನ ನಮ್ಮ ಕೊಟ್ರಮ್ಮ ಬಂದು ಬಾಗಿಲಲ್ಲೇ ನಿಂತಳು. ಮೊದಲ ದಿನದಿಂದ ನನ್ನ ಜೊತೆ ರೊಟ್ಟಿ ಬಡಿದವಳು. ನಾಳೆಯಿಂದ ಹೋಟೆಲ್ಲಿನ ಮುಸುರೆ ತಿಕ್ಕಲು ಹೋಗುತ್ತೇನೆ, ಬೇಜಾರಾಗಬೇಡಿ ಎಂದಳು. ಆ ಕೈ ನೋಡಿದೆ. ಹಿಟ್ಟಿನ ಉಂಡೆಯನ್ನು ಕಣ್ಣು ಮುಚ್ಚಿ ದುಂಡಗೆ ಅಗಲ ಮಾಡುವ ಕೈ. ಒಂದು ದಿನ ತಡಿ ಎಂದೆ.

ಮರುದಿನ ಖೈರುನ್‌ಗೆ ಬರುತ್ತೇನೆಂದು ಫೋನ್ ಮಾಡಿ ಹರಿಹರದ ಬಸ್ಸು ಹತ್ತಿದೆ. ಅರ್ಧ ಗಂಟೆಯ ದಾರಿ. ಸ್ವೀಡನ್ನಿಗೆ ಹೋಗುವಾಗ ಇಷ್ಟು ಹೆದರಿರಲಿಲ್ಲ. ಪಕ್ಕದಲ್ಲಿ ಕೂತವಳು ಯಾವೂರು, ಯಾರ ಪೈಕಿ ಎಂದು ಶುರು ಮಾಡಿದಳು. ನಾನು ಕಿವುಡಿಯಂತೆ ಕೂತೆ. ದಾರಿಯುದ್ದಕ್ಕೂ ಒಂದು ಉಪಾಯ ಮಾಡಿಕೊಂಡೆ. ಹೋಗುವುದು, ಕೂರುವುದು, ಅವಳ ಗಂಡನ ಆರೋಗ್ಯ ಕೇಳುವುದು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಏನೋ ನೆನಪಾದವಳಂತೆ ವಿಷಯ ತೆಗೆಯುವುದು.

ಅವಳ ಅಂಗಳದಲ್ಲಿ ನಾಲ್ಕು ಒಲೆ ಉರಿಯುತ್ತಿದ್ದವು. ಗುರುತಿಲ್ಲದ ಹೆಣ್ಣುಮಕ್ಕಳು ಎಳ್ಳು ಹಚ್ಚುತ್ತಿದ್ದರು. ಖೈರುನ್ ಯಾರಿಗೋ ಹಂಚಿನ ಕಾವು ಹೆಚ್ಚಾಯಿತೆಂದು ಗದರುತ್ತಿದ್ದಳು. ಅವಳ ದನಿ ಬೀದಿಯ ತನಕ ಕೇಳುತ್ತಿತ್ತು. ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದು ಬಂದಳು. ಬರ್ರಿ ಅಕ್ಕ, ಕೂಡ್ರಿ ಎಂದು ಚಾಪೆ ಹಾಸಿದಳು. ಮೈಮೇಲೆ ಮಳೆಯ ಹನಿ ಹಾಗೇ ಇತ್ತು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಇಲ್ಲಿ ಕೂತರೆ ಚಪ್ಪಲಿ ಮೆಟ್ಟುವ ತನಕ ಕಾಯುತ್ತೇನೆ, ಮೆಟ್ಟಿದ ಮೇಲೆ ಮುಂದಿನ ಸಲ ಎನ್ನುತ್ತೇನೆ, ಅಷ್ಟರಲ್ಲಿ ಕೊಟ್ರಮ್ಮ ಮುಸುರೆಯ ಮುಂದೆ ಕೂತಿರುತ್ತಾಳೆ. ನೀರು ಕುಡಿಯುವ ಮುಂಚೆ, ನಿಂತಲ್ಲೇ ಹೇಳಿದೆ.

"ಖೈರೂ, ನಮ್ಮ ಹೆಣ್ಮಕ್ಕಳು ಖಾಲಿ ಕುಂತಾರೆ. ನಿನ್ನತ್ರ ಕೆಲ್ಸ ಐತೇನು? ನನಗೆ ಬೇಕಾಗೈತೆ. ಅದಕ್ಕೇ ಬಂದೀನಿ."

ಮೇಡಂ ಹೇಳಿದ ಅರ್ಧ ನಿಮಿಷವೂ ಹಿಡಿಯಲಿಲ್ಲ. ಒಲೆಯ ಮುಂದಿನವರೆಲ್ಲ ತಲೆ ಎತ್ತಿ ನೋಡಿದರು. ಖೈರುನ್ ನನ್ನ ಮುಖವನ್ನೇ ನೋಡಿದಳು.

"ಎಂಟೂ ಜನಕ್ಕೆ ಈಗ ಇಲ್ಲ ಅಕ್ಕ. ಆನಗೋಡಿನ ಕಡೆಯವರನ್ನ ತಗೊಂಡ್ಬಿಟ್ಟೀನಿ, ಅವರಿಗೆ ಬರಬ್ಯಾಡ ಅನ್ನಾಕ ಆಗಲ್ಲ. ಮೂರು ಜನಾನ ಕಳಿಸ್ರಿ. ಆವತ್ತು ಹೂಂ ಅಂದಿದ್ರೆ..."

ಅಲ್ಲಿಗೇ ನಿಲ್ಲಿಸಿದಳು. ಅವಳು ನಿಲ್ಲಿಸಿದ್ದು ಉಪಕಾರ.

ಮೂರು ಎಂದರೆ ಕೊಟ್ರಮ್ಮ ಮತ್ತಿಬ್ಬರು. ಉಳಿದ ಐವರಿಗೆ ಏನು ಹೇಳಬೇಕು ಎಂದು ಯೋಚಿಸುತ್ತಾ ಕೂತೆ. ಖೈರುನ್ ನನಗೆಂದೇ ಬೇರೆ ಇಟ್ಟ ಪಾತ್ರೆಯಲ್ಲಿ ಪುಂಡಿಪಲ್ಯ ಬೇಯಿಸಿದ್ದಳು. ತಟ್ಟೆ ತಂದು ಮುಂದಿಟ್ಟಳು.

"ಉಣ್ರಿ ಅಕ್ಕ, ಒಂದ್ ರೊಟ್ಟಿ."

"ಹಾಕು," ಎಂದೆ.

ಅವಳು ರೊಟ್ಟಿ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ನಿಂತಳು. ಇನ್ನೂ ಎರಡು ಸಲ ಕೇಳಬೇಕೆಂದು ತಯಾರಾಗಿದ್ದಳು, ಪಾಪ. ಆಮೇಲೆ ಹಾಕಿದಳು. ನಾನು ಉಂಡೆ. ಬ್ರಿಟಾಳ ರೊಟ್ಟಿ ಮನೆಯಲ್ಲಿ ಆ ದಿನ ಏನು ಅಡುಗೆ ಮಾಡಿದ್ದರೋ, ಉಣ್ಣುವಾಗೆಲ್ಲ ಅದೇ ಯೋಚನೆ ಬರುತ್ತದೆ.